ಓದುಗ ಕೈತಪ್ಪಿದ ಬರಹ: ದೋಷ ಪತ್ತೆ ಮತ್ತು ದುರಸ್ತಿ

ದೋಷ ಕಾಣಿಸಿಕೊಳ್ಳುವುದು ಹೀಗೆ. ನೀವು ಓದಿದ್ದೀರಿ, ವಿಷಯ ಅರ್ಥವಾಗಿದೆ, ನಿದ್ದೆಗೆಟ್ಟು ಬರೆದಿದ್ದೀರಿ. ವ್ಯಾಕರಣದಲ್ಲೂ ತಪ್ಪಿಲ್ಲ. ಆದರೂ ಅಸೈನ್‌ಮೆಂಟ್ ವಾಪಸ್ ಬಂದಾಗ ಮಾರ್ಕ್ಸ್ ಕಮ್ಮಿ. ಅಂಚಿನಲ್ಲಿ "ಸ್ಪಷ್ಟವಾಗಿಲ್ಲ", "ಇದು ಬೇಕಿತ್ತಾ?", "ಹಾಗಂದ್ರೆ?" ಅನ್ನುವ ಪುಟ್ಟ ಪುಟ್ಟ ಟಿಪ್ಪಣಿಗಳು. ಎಲ್ಲಿ ಕೆಟ್ಟಿದೆ ಅಂತ ತಿಳಿಯದೆ, ಮುಂದಿನ ಸಲ ಇನ್ನೂ ಎರಡು ಪುಟ ಜಾಸ್ತಿ ಬರೆಯುತ್ತೀರಿ. ಫಲಿತಾಂಶ ಮತ್ತೆ ಅದೇ.

ನನಗೂ ಹೀಗೆ ಆಗಿತ್ತು. ಎಂ.ಎ. ಮೊದಲ ವರ್ಷ. 14 ಪುಟ ಬರೆದು ಕೊಟ್ಟಿದ್ದೆ. ಮೇಷ್ಟ್ರು ಮೊದಲ ಪುಟದ ಮೇಲೆ ಒಂದೇ ಪ್ರಶ್ನೆ ಬರೆದಿದ್ದರು: "ಇದನ್ನ ಯಾರಿಗೆ ಹೇಳ್ತಾ ಇದ್ದೀಯಾ?" ನಿಮಗೇ ತಾನೆ ಸರ್, ಇನ್ಯಾರಿಗೆ ಅಂತ ಮನಸ್ಸಿನಲ್ಲೇ ಅಂದುಕೊಂಡು ಬೇಸರ ಮಾಡಿಕೊಂಡೆ. ಕಾಯಿಲೆ ಯಾವುದು ಅಂತ ಅವರು ಆ ಒಂದು ಪ್ರಶ್ನೆಯಲ್ಲೇ ಹೇಳಿದ್ದರು ಅನ್ನುವುದು ಹೊಳೆಯಲು ನನಗೆ ಇನ್ನೂ ಎರಡು ಸೆಮಿಸ್ಟರ್ ಬೇಕಾಯಿತು. ಆಮೇಲೆ ಕಿರಿಯರ ಡ್ರಾಫ್ಟ್ ಓದಿಕೊಡಲು ಶುರು ಮಾಡಿದೆ. ಅಲ್ಲಿ ಕಂಡ ತೊಂದರೆಗಳು ಮೇಲ್ನೋಟಕ್ಕೆ ಬೇರೆ ಬೇರೆ. ಒಬ್ಬರದು ತೀರಾ ಚಿಕ್ಕದು, ಇನ್ನೊಬ್ಬರದು ತೀರಾ ಉದ್ದ, ಮತ್ತೊಬ್ಬರದು ಬರೀ ಕಥೆ. ಒಳಗೆ ಬಿಚ್ಚಿ ನೋಡಿದರೆ ಮೂಲ ಒಂದೇ: ಬರೆಯುವಾಗ ಎದುರಿಗೆ ತಪ್ಪು ಓದುಗ ಕೂತಿದ್ದಾನೆ, ಇಲ್ಲವೇ ಯಾರೂ ಕೂತಿಲ್ಲ.

ಮೊದಲು: ಇದು ನಿಜವಾಗಿ ಓದುಗ ಕೈತಪ್ಪಿದ ದೋಷವೇ?

ಮೂರು ದೋಷಗಳು ನೋಡಲು ಒಂದೇ ಥರ ಇರುತ್ತವೆ. ವಿಷಯ ಅರ್ಥವಾಗದಿರುವುದು, ಭಾಷೆ ಹಿಡಿತಕ್ಕೆ ಸಿಗದಿರುವುದು, ಓದುಗ ತಪ್ಪಿಹೋಗಿರುವುದು. ಮೂರಕ್ಕೂ ಅಂಚಿನಲ್ಲಿ ಬರುವ ಟಿಪ್ಪಣಿ "ಸ್ಪಷ್ಟವಾಗಿಲ್ಲ" ಅಂತಲೇ. ಹಾಗಾಗಿ ಡ್ರಾಫ್ಟ್ ತಿದ್ದಲು ಕೂರುವ ಮೊದಲು ಒಂದು ಪರೀಕ್ಷೆ ಮಾಡಿ.

ಬರೆದದ್ದನ್ನು ಮುಚ್ಚಿಡಿ. ಸ್ನೇಹಿತರೊಬ್ಬರನ್ನು ಕೂರಿಸಿಕೊಂಡು ಐದು ನಿಮಿಷ ಬಾಯಲ್ಲಿ ಹೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬಾಯಲ್ಲಿ ಹೇಳುವಾಗಲೂ ಅದೇ ಜಾಗದಲ್ಲಿ ತಡವರಿಸಿದರೆ, ಅಲ್ಲಿ ವಿಷಯವೇ ಪೂರ್ತಿ ಅರ್ಥವಾಗಿಲ್ಲ. ಆಗ ಈ ಕೈಪಿಡಿಯಿಂದ ಉಪಯೋಗವಿಲ್ಲ, ಪುಸ್ತಕಕ್ಕೆ ಹಿಂತಿರುಗಿ. ಬಾಯಲ್ಲಿ ಹೇಳಿದ್ದೂ ಬರೆದದ್ದೂ ಒಂದೇ ಕ್ರಮದಲ್ಲಿದ್ದು, ವಾಕ್ಯಗಳು ಮಾತ್ರ ಸೊಟ್ಟಗಿದ್ದರೆ ಅದು ಭಾಷೆಯ ದೋಷ. ಬಾಯಲ್ಲಿ ಚೆನ್ನಾಗಿ ಬಂದು, ಕಾಗದದ ಮೇಲೆ ಕೆಟ್ಟಿದ್ದರೆ ಖಾತ್ರಿಯಾಗಿ ಓದುಗ ಕೈತಪ್ಪಿದ ದೋಷ. ಏಕೆಂದರೆ ಬಾಯಲ್ಲಿ ಹೇಳುವಾಗ ಎದುರಿಗೆ ಒಂದು ಮುಖ ಇತ್ತು. ಅವರು ಹುಬ್ಬು ಗಂಟಿಕ್ಕಿದಾಗ ನೀವು ನಿಂತು ಉದಾಹರಣೆ ಕೊಟ್ಟಿರಿ. ಹೂಂ ಗುಟ್ಟಿದಾಗ ಮುಂದಕ್ಕೆ ಹೋದಿರಿ. ಕಾಗದದ ಮೇಲೆ ಆ ಮುಖ ಇರುವುದಿಲ್ಲ.

ಆ ರೆಕಾರ್ಡಿಂಗ್ ಅಳಿಸಬೇಡಿ. ಮುಂದೆ ಬೇಕಾಗುತ್ತದೆ.

ಅಂಚಿನಲ್ಲಿ "ಹಾಗಂದ್ರೆ?", "ಹೇಗೆ?", "ಏಕೆ?" ಅಂತ ಬರುತ್ತಿದ್ದರೆ

ಅತಿ ಸಾಮಾನ್ಯವಾದ ದೋಷ ಇದು. ನೀವು ಮೆಟ್ಟಿಲು ಹಾರಿದ್ದೀರಿ. ಕಾರಣವೂ ಸಹಜವಾದದ್ದೇ. ಓದುವವರು ಮೇಷ್ಟ್ರು, ಅವರೇ ಇದನ್ನು ಪಾಠ ಮಾಡಿದವರು, ಅವರಿಗೆ ಗೊತ್ತಿರುವುದನ್ನು ಮತ್ತೆ ಯಾಕೆ ಹೇಳಬೇಕು ಅಂತ ನಿಮ್ಮ ಲೆಕ್ಕಾಚಾರ.

ವಿಶ್ವವಿದ್ಯಾಲಯದ ಬರಹದ ವಿಚಿತ್ರ ಇಲ್ಲೇ ಇದೆ, ಇದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ. ಹೊರಗಿನ ಪ್ರಪಂಚದಲ್ಲಿ ಗೊತ್ತಿರುವವರು ಗೊತ್ತಿಲ್ಲದವರಿಗೆ ಬರೆಯುತ್ತಾರೆ. ಇಲ್ಲಿ ಕಮ್ಮಿ ಗೊತ್ತಿರುವವರು ಜಾಸ್ತಿ ಗೊತ್ತಿರುವವರಿಗೆ ಬರೆಯಬೇಕು. ಓದುವವರು ಉತ್ತರ ತಿಳಿಯಲು ಓದುತ್ತಿಲ್ಲ. ನೀವು ಆ ಉತ್ತರಕ್ಕೆ ಯಾವ ದಾರಿಯಲ್ಲಿ ಬಂದಿರಿ ಅಂತ ನೋಡಲು ಓದುತ್ತಿದ್ದಾರೆ. ನೀವು ಹಾರಿಸಿದ ಮೆಟ್ಟಿಲು ನಿಮಗೆ ಗೊತ್ತಿತ್ತೋ ಇಲ್ಲವೋ ಅನ್ನುವುದು ಅವರಿಗೆ ತಿಳಿಯುವ ದಾರಿಯೇ ಇಲ್ಲ.

ಒಂದು ಲ್ಯಾಬ್ ರಿಪೋರ್ಟ್ ತೆಗೆದುಕೊಳ್ಳಿ. "ಅಸಿಟಿಕ್ ಆಮ್ಲವನ್ನು ಸೋಡಿಯಂ ಹೈಡ್ರಾಕ್ಸೈಡ್‌ನೊಂದಿಗೆ ಟೈಟ್ರೇಟ್ ಮಾಡಲಾಯಿತು. ಸೂಚಕವಾಗಿ ಫಿನಾಲ್ಫ್ಥಲೀನ್ ಬಳಸಲಾಯಿತು." (ಟೈಟ್ರೇಟ್ ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿ ಹನಿಯಾಗಿ ಸೇರಿಸಿ ಅಳೆಯುವುದು, ಸೂಚಕ ಅಂದರೆ ನಿಲ್ಲಿಸುವ ಹಂತವನ್ನು ಬಣ್ಣ ಬದಲಿಸಿ ತೋರಿಸುವ ವಸ್ತು.) ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೆ ಫಿನಾಲ್ಫ್ಥಲೀನೇ ಯಾಕೆ? ಮೀಥೈಲ್ ಆರೆಂಜ್ ಅನ್ನುವ ಇನ್ನೊಂದು ಸೂಚಕ ಯಾಕಲ್ಲ? ಓದುವವರಿಗೆ ಬೇಕಾಗಿದ್ದ ಮೆಟ್ಟಿಲು ಇದೇ. ದುರ್ಬಲ ಆಮ್ಲ, ಪ್ರಬಲ ಕ್ಷಾರ ಸೇರಿದಾಗ ಸಮಬಿಂದು, ಅಂದರೆ ಆಮ್ಲಕ್ಕೆ ಸರಿಯಾಗಿ ಸಾಕಾಗುವಷ್ಟು ಕ್ಷಾರ ಸೇರಿದ ಹಂತ, ಪಿಎಚ್ 7ಕ್ಕಿಂತ ಮೇಲೆ ಬರುತ್ತದೆ. ಫಿನಾಲ್ಫ್ಥಲೀನ್ ಬಣ್ಣ ಬದಲಾಯಿಸುವುದು ಸುಮಾರು 8.2ರಿಂದ 10ರ ನಡುವೆ, ಹಾಗಾಗಿ ಅದು ಹೊಂದುತ್ತದೆ. ಮೀಥೈಲ್ ಆರೆಂಜ್ ಸುಮಾರು 3.1ರಿಂದ 4.4ರಲ್ಲೇ ಬದಲಾಗಿಬಿಡುತ್ತದೆ, ತೀರಾ ಬೇಗ. ಇದಿಷ್ಟನ್ನು ಎರಡು ವಾಕ್ಯದಲ್ಲಿ ಹೇಳಿದ್ದರೆ ಆ "ಏಕೆ?" ಬರುತ್ತಲೇ ಇರಲಿಲ್ಲ. ಬರೆದ ಹುಡುಗಿಗೆ ಇದು ಗೊತ್ತಿತ್ತು, ಕೇಳಿದ ತಕ್ಷಣ ಪಟಪಟ ಅಂತ ಹೇಳಿದಳು. "ಅವರಿಗೆ ಗೊತ್ತಲ್ವಾ ಅಂತ ಬರೀಲಿಲ್ಲ" ಅಂದಳು.

ಇನ್ನೊಂದು ಕಾರಣವೂ ಇದೆ, ಅದು ಇನ್ನೂ ಆಳದ್ದು. ಒಂದು ವಿಷಯ ಗೊತ್ತಾದ ಮೇಲೆ, ಗೊತ್ತಿಲ್ಲದಾಗ ಹೇಗಿತ್ತು ಅನ್ನುವುದು ಮರೆತುಹೋಗುತ್ತದೆ. 1990ರಲ್ಲಿ ಎಲಿಜಬೆತ್ ನ್ಯೂಟನ್ ಅನ್ನುವವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಇನ್ನೊಬ್ಬರು ಹಾಡು ಯಾವುದು ಅಂತ ಹೇಳಬೇಕು. ತಟ್ಟುವವರು ಸುಮಾರು ಅರ್ಧದಷ್ಟು ಸಲ ಕೇಳುಗರು ಗುರುತಿಸುತ್ತಾರೆ ಅಂತ ಅಂದಾಜು ಮಾಡಿದ್ದರು. 120 ಹಾಡು ತಟ್ಟಿದ್ದರಲ್ಲಿ ಕೇಳುಗರು ಗುರುತಿಸಿದ್ದು 3 ಮಾತ್ರ. ತಟ್ಟುವವರ ತಲೆಯಲ್ಲಿ ರಾಗ ಪೂರ್ತಿ ಮೊಳಗುತ್ತಿರುತ್ತದೆ. ಕೇಳುವವರಿಗೆ ಬರೀ ಟಕ್ ಟಕ್. ನಿಮ್ಮ ಡ್ರಾಫ್ಟ್ ನೀವೇ ಓದಿದಾಗ ಸರಿಯಾಗಿ ಕಾಣುವುದೂ ಇದೇ ಕಾರಣಕ್ಕೆ. ರಾಗ ನಿಮ್ಮ ತಲೆಯಲ್ಲಿದೆ.

ದುರಸ್ತಿ: ಮೇಷ್ಟ್ರನ್ನು ಓದುಗನ ಕುರ್ಚಿಯಿಂದ ಎಬ್ಬಿಸಿ. ಅಲ್ಲಿ ನಿಮ್ಮದೇ ತರಗತಿಯ ಒಬ್ಬ ಬುದ್ಧಿವಂತ ಸಹಪಾಠಿಯನ್ನು ಕೂರಿಸಿ. ಹಿಂದಿನ ಸೆಮಿಸ್ಟರ್‌ಗಳೆಲ್ಲ ಅವನಿಗೆ ಬರುತ್ತವೆ. ಆದರೆ ಈ ಅಧ್ಯಾಯ ನಡೆದ ಎರಡು ವಾರ ಹುಷಾರಿಲ್ಲದೆ ಬಂದಿರಲಿಲ್ಲ. ಅವನಿಗೆ ಮೂಲ ಪದಗಳನ್ನು ವಿವರಿಸಬೇಕಿಲ್ಲ, ಈ ಅಧ್ಯಾಯದ ಪ್ರತಿ ಹೆಜ್ಜೆಯನ್ನೂ ಹೇಳಬೇಕು. ನನ್ನ ಅನುಭವದಲ್ಲಿ ಪದವಿ ಹಂತದ ಹೆಚ್ಚಿನ ಅಸೈನ್‌ಮೆಂಟ್‌ಗಳಿಗೆ ಇವನೇ ಸರಿಯಾದ ಓದುಗ. ಆಶ್ಚರ್ಯ ಅಂದರೆ, ಅವನಿಗೆ ಬರೆದದ್ದು ಮೇಷ್ಟ್ರಿಗೂ ಇಷ್ಟವಾಗುತ್ತದೆ.

ಮೊದಲು ಮಾಡಿಟ್ಟ ರೆಕಾರ್ಡಿಂಗ್ ಈಗ ಕೇಳಿ. ಸ್ನೇಹಿತರು ತಡೆದು ಪ್ರಶ್ನೆ ಕೇಳಿದ ಜಾಗಗಳನ್ನು ಡ್ರಾಫ್ಟ್‌ನಲ್ಲಿ ಗುರುತು ಹಾಕಿ. ಹಾರಿದ ಮೆಟ್ಟಿಲುಗಳೆಲ್ಲ ಅಲ್ಲೇ ಸಿಗುತ್ತವೆ.

"ಇದೆಲ್ಲ ಗೊತ್ತಿರುವುದೇ" ಅಂತ ಬಂದರೆ

ಇದು ಉಲ್ಟಾ ದೋಷ. ಮೊದಲ ದೋಷಕ್ಕೆ ಬೈಸಿಕೊಂಡವರು ಮುಂದಿನ ಸಲ ಸೀದಾ ಇಲ್ಲಿಗೆ ಬಂದು ಬೀಳುತ್ತಾರೆ. ಪ್ರಬಂಧ "ಮನುಷ್ಯ ಹುಟ್ಟಿದ ಕಾಲದಿಂದಲೂ" ಅಂತ ಶುರುವಾಗುತ್ತದೆ. ನಿಘಂಟಿನಿಂದ ಎತ್ತಿದ ಅರ್ಥ ಬರುತ್ತದೆ. ಮೂರನೇ ಪುಟದಲ್ಲಿ ನಿಮ್ಮ ಮಾತು ಆರಂಭವಾಗುವ ಹೊತ್ತಿಗೆ ಓದುವವರು ದಣಿದಿರುತ್ತಾರೆ.

ಪತ್ತೆ ಮಾಡುವುದು ಸುಲಭ. ಮೊದಲ ಪ್ಯಾರಾ ಪೂರ್ತಿ ತೆಗೆದುಹಾಕಿ ಎರಡನೆಯದರಿಂದ ಓದಿ. ಏನೂ ಕಳೆದುಹೋಗಿಲ್ಲ ಅನ್ನಿಸಿದರೆ ಅದು ನಿಜವಾಗಲೂ ಬೇಕಿರಲಿಲ್ಲ.

ಆದರೆ ಯಾವ ಪದಕ್ಕೆ ಅರ್ಥ ಹೇಳಬೇಕು, ಯಾವುದಕ್ಕೆ ಬೇಡ? ಈ ಪ್ರಶ್ನೆಗೆ ನಾನು ಇಟ್ಟುಕೊಂಡಿರುವ ಅಳತೆ ಇದು. ಆ ಪದದ ಅರ್ಥ ಬದಲಾದರೆ ನಿಮ್ಮ ಉತ್ತರವೂ ಬದಲಾಗುತ್ತದೆಯೇ? ಹೌದಾದರೆ ಹೇಳಲೇಬೇಕು, ಎಷ್ಟೇ ಸರಳ ಪದವಾಗಿದ್ದರೂ. "ಬಡತನ" ಅನ್ನುವ ಪದ ಯಾರಿಗೆ ಗೊತ್ತಿಲ್ಲ? ಆದರೆ ವಿಶ್ವ ಬ್ಯಾಂಕ್ ಕಡು ಬಡತನವನ್ನು ಅಳೆಯುವುದು ದಿನಕ್ಕೆ ಇಷ್ಟು ಡಾಲರ್ ಅನ್ನುವ ಗೆರೆಯಿಂದ. 2025ರ ಜೂನ್‌ನಲ್ಲಿ ಆ ಗೆರೆಯನ್ನು 2.15ರಿಂದ 3 ಡಾಲರ್‌ಗೆ ಏರಿಸಿದರು. ಯೂರೋಪಿಯನ್ ಒಕ್ಕೂಟದ ಲೆಕ್ಕವೇ ಬೇರೆ. ಅಲ್ಲಿ ದೇಶದ ಮಧ್ಯಾಂಕ ಆದಾಯದ (ಎಲ್ಲರನ್ನೂ ಆದಾಯದ ಕ್ರಮದಲ್ಲಿ ನಿಲ್ಲಿಸಿದರೆ ಸರಿಯಾಗಿ ನಡುವೆ ನಿಲ್ಲುವವರ ಆದಾಯದ) 60 ಶೇಕಡಾಕ್ಕಿಂತ ಕೆಳಗಿರುವವರನ್ನು ಬಡತನದ ಅಪಾಯದಲ್ಲಿರುವವರು ಅಂತ ಎಣಿಸುತ್ತಾರೆ. ಮೊದಲನೆಯದರಲ್ಲಿ ಎಲ್ಲರ ಆದಾಯ ದುಪ್ಪಟ್ಟಾದರೆ ಬಡತನ ಇಳಿಯುತ್ತದೆ. ಎರಡನೆಯದರಲ್ಲಿ ಒಂದಿಷ್ಟೂ ಕದಲುವುದಿಲ್ಲ. "ಬಡತನ ಕಡಿಮೆಯಾಗಿದೆಯೇ?" ಅನ್ನುವ ಪ್ರಬಂಧದಲ್ಲಿ ಯಾವ ಗೆರೆ ಹಿಡಿದಿದ್ದೀರಿ ಅಂತ ಹೇಳದಿದ್ದರೆ ಓದುವವರು ನಿಮ್ಮ ಜೊತೆ ಒಂದು ಹೆಜ್ಜೆಯೂ ಬರಲಾರರು. ಅದೇ ಪ್ರಬಂಧದಲ್ಲಿ "ಆದಾಯ ಅಂದರೆ ಒಬ್ಬ ವ್ಯಕ್ತಿ ಗಳಿಸುವ ಹಣ" ಅಂತ ಬರೆದರೆ ಅದು ಸುಮ್ನೆ ಜಾಗ ತುಂಬಿಸಿದಂತೆ.

ಬರೀ ಕಥೆ ಹೇಳಿದ್ದೀರಿ ಅಂದರೆ

ಸಾಹಿತ್ಯ, ಇತಿಹಾಸ, ಸಮಾಜಶಾಸ್ತ್ರದವರಿಗೆ ಇದು ಜಾಸ್ತಿ. ಕಾದಂಬರಿಯ ಬಗ್ಗೆ ಬರೆಯಿರಿ ಅಂದರೆ ಕಾದಂಬರಿಯ ಕಥೆ ಬರುತ್ತದೆ. ಮೂರು ಲೇಖನ ಓದಿ ವಿಮರ್ಶಿಸಿ ಅಂದರೆ ಮೂರು ಲೇಖನಗಳ ಸಾರಾಂಶ ಬರುತ್ತದೆ. ಇಲ್ಲಿ ಬರೆದವರ ಎದುರಿಗೆ ಕೂತಿರುವ ಓದುಗ ಯಾರೆಂದರೆ, "ಇವನು ನಿಜವಾಗಿ ಪುಸ್ತಕ ಓದಿದ್ದಾನಾ?" ಅಂತ ಅನುಮಾನದಿಂದ ನೋಡುವ ಒಬ್ಬ ಕಾವಲುಗಾರ. ಓದಿದ್ದೇನೆ ಅಂತ ರುಜುವಾತು ಕೊಡುವುದರಲ್ಲೇ ಪುಟಗಳು ಮುಗಿದುಹೋಗುತ್ತವೆ. ಶಾಲೆಯಲ್ಲಿ ಅಂಥ ಓದುಗ ಇದ್ದಿರಬಹುದು. ಇಲ್ಲಿ ಇಲ್ಲ.

ಪ್ರತಿ ಪ್ಯಾರಾದ ಮೊದಲ ಎರಡು ಮೂರು ಪದಗಳನ್ನು ಬೇರೆ ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ. "ನಂತರ", "ಆಮೇಲೆ", "ಮುಂದಿನ ಅಧ್ಯಾಯದಲ್ಲಿ", "ಎರಡನೇ ಲೇಖಕರು" ಅಂತಲೇ ಇದ್ದರೆ ನಿಮ್ಮ ಬರಹ ಬೇರೆಯವರ ಪುಸ್ತಕದ ಕ್ರಮದಲ್ಲಿ ನಡೆಯುತ್ತಿದೆ. "ಆದರೆ", "ಹಾಗಿದ್ದರೂ", "ಇದಕ್ಕೆ ಕಾರಣ" ಅಂತ ಬರತೊಡಗಿದರೆ ನಿಮ್ಮ ವಾದದ ಕ್ರಮದಲ್ಲಿ ನಡೆಯುತ್ತಿದೆ. ತಿದ್ದಲು ಓದುಗನನ್ನು ಬದಲಿಸಿ. ನಿಮ್ಮ ಓದುಗ ಆ ಪುಸ್ತಕ ಓದಿದ್ದಾನೆ, ಆದರೆ ನಿಮಗೆ ಕಂಡದ್ದು ಅವನಿಗೆ ಕಂಡಿಲ್ಲ. ಅವನಿಗೆ ಕಥೆ ಬೇಡ. ನೀವು ಹೇಳುವ ಮಾತಿಗೆ ಆಧಾರವಾಗುವ ಸಾಲು ಯಾವುದು, ಯಾವ ಪುಟದಲ್ಲಿದೆ ಅಂತ ತೋರಿಸಿದರೆ ಸಾಕು.

ಒಂದು ವಿಭಾಗದಲ್ಲಿ ಮೆಚ್ಚುಗೆ, ಇನ್ನೊಂದರಲ್ಲಿ ಕೆಂಪು ಗೆರೆ

ಬರೆದವರು ನೀವೇ, ಶೈಲಿ ಅದೇ. ಸಾಹಿತ್ಯದ ಪೇಪರ್‌ಗೆ ಒಳ್ಳೆಯ ಮಾರ್ಕ್ಸ್, ಮನಃಶಾಸ್ತ್ರದ ಪೇಪರ್‌ಗೆ "ಇದು ಅಕಾಡೆಮಿಕ್ ಬರಹವಲ್ಲ" ಅನ್ನುವ ಟಿಪ್ಪಣಿ. ವಿದ್ಯಾರ್ಥಿಗಳು ಅತಿ ಹೆಚ್ಚು ಗೊಂದಲಪಡುವುದು, ಕೆಲವರು ನೊಂದುಕೊಳ್ಳುವುದೂ ಇಲ್ಲೇ. ಮೇಷ್ಟ್ರ ಇಷ್ಟಾನಿಷ್ಟ ಅಂತ ಅಂದುಕೊಂಡುಬಿಡುತ್ತಾರೆ. ಸ್ವಲ್ಪ ಮಟ್ಟಿಗೆ ಇಷ್ಟಾನಿಷ್ಟ ಇದ್ದೇ ಇರುತ್ತದೆ. ಆದರೆ ಬಹುಪಾಲು ವ್ಯತ್ಯಾಸಗಳ ಹಿಂದೆ ಆ ವಿಭಾಗದ ಓದುಗರು ಏನು ಹುಡುಕುತ್ತಾ ಓದುತ್ತಾರೆ ಅನ್ನುವ ಕಾರಣ ಇದೆ. ಅದು ಅರ್ಥವಾದರೆ ನಿಯಮಗಳನ್ನು ಬಾಯಿಪಾಠ ಮಾಡುವ ಕಷ್ಟ ಎಷ್ಟೋ ತಪ್ಪುತ್ತದೆ.

ಆಕರ ಕೊಡುವ ರೀತಿಯನ್ನೇ ನೋಡಿ. ಸಾಹಿತ್ಯದಲ್ಲಿ ಹೆಚ್ಚಾಗಿ ಬಳಸುವ ಎಂಎಲ್‌ಎ ಶೈಲಿಯಲ್ಲಿ ವಾಕ್ಯದ ಕೊನೆಗೆ ಲೇಖಕರ ಹೆಸರು, ಪುಟ ಸಂಖ್ಯೆ ಬರುತ್ತದೆ. ವರ್ಷ ಬರುವುದಿಲ್ಲ. ಮನಃಶಾಸ್ತ್ರದ ಎಪಿಎ ಶೈಲಿಯಲ್ಲಿ ಹೆಸರಿನ ಜೊತೆ ವರ್ಷ ಬರಲೇಬೇಕು. ಎಂಜಿನಿಯರಿಂಗ್‌ನ ಐಇಇಇ ಶೈಲಿಯಲ್ಲಿ ಚೌಕ ಕಂಸದೊಳಗೆ ಬರೀ ಒಂದು ಸಂಖ್ಯೆ. ಯಾಕೆ ಹೀಗೆ? ಸಾಹಿತ್ಯದ ಓದುಗರಿಗೆ ನೀವು ಎತ್ತಿದ ಸಾಲನ್ನು ಪುಸ್ತಕ ತೆರೆದು ನೋಡುವ ಆಸೆ. ನೂರು ವರ್ಷ ಹಳೆಯ ವಿಮರ್ಶೆಯೂ ಅವರಿಗೆ ಜೀವಂತ. ಮನಃಶಾಸ್ತ್ರದ ಓದುಗರ ಮೊದಲ ಪ್ರಶ್ನೆ "ಈ ಸಂಶೋಧನೆ ಎಷ್ಟು ಹಳೆಯದು?" ಆಮೇಲೆ ಯಾರಾದರೂ ಇದನ್ನು ಅಲ್ಲಗಳೆದರಾ ಅಂತ ಅವರು ಯೋಚಿಸುತ್ತಿರುತ್ತಾರೆ. ಎಂಜಿನಿಯರ್‌ಗೆ ಓದುವ ಹರಿವು ತುಂಡಾಗಬಾರದು, ಬೇಕಿದ್ದರೆ ಕೊನೆಯ ಪಟ್ಟಿ ನೋಡಿಕೊಳ್ಳುತ್ತಾರೆ. ಇತಿಹಾಸಕಾರರು ಅಡಿಟಿಪ್ಪಣಿ ಇಷ್ಟಪಡುವುದಕ್ಕೂ ಕಾರಣ ಇದೆ. ಅವರ ಆಕರ ಒಂದು ಹಳೆಯ ಪತ್ರ, ಒಂದು ಕಡತ, ಒಂದು ಶಾಸನ ಆಗಿರಬಹುದು. ಅದು ಯಾವ ಸಂಗ್ರಹದಲ್ಲಿದೆ, ಎಷ್ಟು ನಂಬಬಹುದು ಅನ್ನುವುದೆಲ್ಲ ಕಂಸದೊಳಗೆ ಹಿಡಿಸುವುದಿಲ್ಲ. ಇವು ನಾನು ಓದುತ್ತಾ ಓದುತ್ತಾ ಕಂಡುಕೊಂಡ ಕಾರಣಗಳು. ನಿಯಮದ ಪುಸ್ತಕಗಳು ಇಷ್ಟು ಬಿಡಿಸಿ ಹೇಳುವುದಿಲ್ಲ.

ಕ್ರಿಯಾಪದದ ಕಾಲವೂ ಹಾಗೆಯೇ. ಕಥೆಯೊಳಗಿನ ಘಟನೆಯನ್ನು ಇಂಗ್ಲಿಷ್ ಸಾಹಿತ್ಯ ವಿಭಾಗದವರು ವರ್ತಮಾನ ಕಾಲದಲ್ಲಿ ಬರೆಯುತ್ತಾರೆ: ನಾಯಕಿ ಬಾಗಿಲು ತೆರೆಯುತ್ತಾಳೆ. ಪುಸ್ತಕ ತೆರೆದಾಗಲೆಲ್ಲ ಅವಳು ಅದನ್ನು ಮತ್ತೆ ಮಾಡುತ್ತಾಳೆ. ಪ್ರಯೋಗದ ವರದಿಯಲ್ಲಿ ಭೂತಕಾಲ: ದ್ರಾವಣವನ್ನು ಹತ್ತು ನಿಮಿಷ ಕಾಯಿಸಲಾಯಿತು. ಅದು ಒಂದು ದಿನ, ಒಂದು ಲ್ಯಾಬ್‌ನಲ್ಲಿ ನಡೆದು ಮುಗಿದ ಕೆಲಸ. "ನಾನು" ಅಂತ ಬಳಸಬಹುದಾ ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಬಳಸಲೇಬಾರದು ಅಂತ ಅನೇಕರು ನಂಬಿದ್ದಾರೆ. ಎಪಿಎ ಕೈಪಿಡಿಯೇ ನೀವು ಮಾಡಿದ ಕೆಲಸಕ್ಕೆ "ನಾನು", "ನಾವು" ಬಳಸಲು ಒಪ್ಪುತ್ತದೆ. ಆದರೂ ನಿಮ್ಮ ವಿಭಾಗದ ರೂಢಿ ಬೇರೆ ಇರಬಹುದು, ಕೇಳಿ ತಿಳಿದುಕೊಳ್ಳಿ.

ವಿಜ್ಞಾನದ ವರದಿಗೆ ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಅನ್ನುವ ನಾಲ್ಕು ಕೋಣೆಗಳು ಯಾಕೆ ಅನ್ನುವುದಕ್ಕೂ ಓದುಗನೇ ಉತ್ತರ. ಅನುಭವಿ ಓದುಗರು ಇದನ್ನು ಮೊದಲಿಂದ ಕೊನೆಯವರೆಗೆ ಸಾಲಾಗಿ ಓದುವುದು ಕಮ್ಮಿ. ಒಬ್ಬರು ಸಾರಾಂಶ ನೋಡಿ ಸೀದಾ ಚಿತ್ರಗಳಿಗೆ ಹೋಗುತ್ತಾರೆ. ಅದೇ ಪ್ರಯೋಗ ತಾವೂ ಮಾಡಬೇಕಾದವರು ವಿಧಾನಕ್ಕೆ ಹೋಗುತ್ತಾರೆ. ಹಾಗಾಗಿ ಫಲಿತಾಂಶದ ವಿಭಾಗದಲ್ಲಿ ನಿಮ್ಮ ಅಭಿಪ್ರಾಯ ಸೇರಿಸಿದರೆ ಅವರಿಗೆ ಸಿಟ್ಟು ಬರುತ್ತದೆ. ಸಕ್ಕರೆ ಡಬ್ಬಿಯಲ್ಲಿ ಉಪ್ಪು ಸಿಕ್ಕಂತೆ. ಸಾರಾಂಶ ಮಾತ್ರ ಓದಿ ಬಿಡುವವರೂ ಬಹಳ ಜನ. ಎಪಿಎ ಅದಕ್ಕೆ ಸಾಮಾನ್ಯವಾಗಿ 250 ಪದಗಳ ಮಿತಿ ಇಡುತ್ತದೆ. ಆ 250 ಪದಗಳಲ್ಲಿ "ಫಲಿತಾಂಶಗಳನ್ನು ಚರ್ಚಿಸಲಾಗಿದೆ" ಅಂತ ಬರೆದು ಫಲಿತಾಂಶ ಏನು ಅಂತ ಹೇಳದಿರುವುದು ನಾನು ಪದೇ ಪದೇ ಕಾಣುವ ತಪ್ಪು.

ದುರಸ್ತಿಗೆ ಅಡ್ಡದಾರಿ ಇಲ್ಲ, ಆದರೆ ದಾರಿ ಚಿಕ್ಕದೇ. ಆ ವಿಭಾಗದ ಮೇಷ್ಟ್ರು ಓದಲು ಕೊಟ್ಟ ಲೇಖನಗಳಲ್ಲಿ ಎರಡನ್ನು ತೆಗೆದುಕೊಳ್ಳಿ. ಈ ಸಲ ವಿಷಯಕ್ಕಾಗಿ ಓದಬೇಡಿ. ಮೊದಲ ಪ್ಯಾರಾದಲ್ಲಿ ಏನು ಹೇಳಿದ್ದಾರೆ? ಯಾವ ಪದಗಳಿಗೆ ಅರ್ಥ ಹೇಳಿದ್ದಾರೆ, ಯಾವುದಕ್ಕೆ ಹೇಳಿಲ್ಲ? "ನಾನು" ಎಷ್ಟು ಸಲ ಬಂದಿದೆ? ಬೇರೆಯವರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಎತ್ತಿದ್ದಾರಾ, ತಮ್ಮ ಮಾತಲ್ಲಿ ಹೇಳಿದ್ದಾರಾ? ಅರ್ಧ ಗಂಟೆ ಸಾಕು. ಆ ವಿಭಾಗದ ಓದುಗ ಹೇಗಿರುತ್ತಾನೆ ಅನ್ನುವುದು ಅಲ್ಲಿ ಅಚ್ಚಾಗಿರುತ್ತದೆ.

ಎಲ್ಲ ಇದೆ, ಆದರೂ ಓದಲು ಕಷ್ಟ

ಈ ದೋಷ ನನಗೆ ಬಹಳ ಪ್ರಿಯವಾದದ್ದು, ಏಕೆಂದರೆ ತಿದ್ದಿದ ಕೂಡಲೇ ಬರಹ ಬೆಳಗುತ್ತದೆ. ಇಲ್ಲಿ ಏನೂ ಕಮ್ಮಿಯಿಲ್ಲ, ಏನೂ ಜಾಸ್ತಿಯೂ ಇಲ್ಲ. ಕ್ರಮ ಮಾತ್ರ ನಿಮ್ಮದು, ಓದುಗನದಲ್ಲ.

1979ರಲ್ಲಿ ಬರವಣಿಗೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಲಿಂಡಾ ಫ್ಲವರ್ ಈ ದೋಷವನ್ನು ಗುರುತಿಸಿ ಬರೆದಿದ್ದರು. ಬರೆಯುವವರು ತಮಗೆ ವಿಷಯ ಹೊಳೆದ ಕ್ರಮದಲ್ಲೇ ಕಾಗದದ ಮೇಲೆ ಇಳಿಸಿಬಿಡುತ್ತಾರೆ. ಮೊದಲು ಇದನ್ನು ಓದಿದೆ, ಆಮೇಲೆ ಅನುಮಾನ ಬಂತು, ಮತ್ತೊಂದು ಲೇಖನ ನೋಡಿದೆ, ಕೊನೆಗೆ ಹೀಗೆ ಅನ್ನಿಸಿತು. ಅದು ಬರೆದವರ ಪಯಣದ ದಿನಚರಿ. ಓದುವವರಿಗೆ ಮೊದಲು ಬೇಕಾದದ್ದು ಎಲ್ಲಿಗೆ ಹೋಗುತ್ತಿದ್ದೇವೆ ಅನ್ನುವುದು.

ಹಾಗಂತ ಅಂಥ ಡ್ರಾಫ್ಟ್ ಕೆಟ್ಟದ್ದಲ್ಲ. ಯೋಚನೆ ಹುಟ್ಟುವುದೇ ಹಾಗೆ. ಅದನ್ನು ಹಾಗೆಯೇ ಕೊಟ್ಟುಬಿಡುವುದು ತಪ್ಪು. ಮಾಡಬೇಕಾದದ್ದು ಇಷ್ಟು: ನಿಮ್ಮ ಡ್ರಾಫ್ಟ್‌ನ ಕೊನೆಯ ಪ್ಯಾರಾ ಓದಿ. ಎಷ್ಟೋ ಸಲ ನಿಮ್ಮ ನಿಜವಾದ ಮಾತು ಅಲ್ಲೇ ಮೊದಲ ಬಾರಿಗೆ ಸ್ಪಷ್ಟವಾಗಿ ಬಂದಿರುತ್ತದೆ. ಅದನ್ನು ಎತ್ತಿ ಮೊದಲ ಪುಟಕ್ಕೆ ತನ್ನಿ. ಉಳಿದದ್ದನ್ನು "ಈ ಮಾತನ್ನು ಓದುಗ ಯಾಕೆ ನಂಬಬೇಕು?" ಅನ್ನುವ ಪ್ರಶ್ನೆಯ ಕ್ರಮದಲ್ಲಿ ಜೋಡಿಸಿ. ಕೆಲವು ಪ್ಯಾರಾಗಳಿಗೆ ಜಾಗವೇ ಸಿಗುವುದಿಲ್ಲ. ಅವನ್ನು ಬಿಡಲು ಮನಸ್ಸು ಬರುವುದಿಲ್ಲ, ಆದರೂ ಬಿಡಿ.

ವಾಕ್ಯದ ಮಟ್ಟದಲ್ಲೂ ಇದೇ ಕೆಲಸ ಮಾಡುತ್ತದೆ. ಓದುಗನಿಗೆ ಆಗಲೇ ಗೊತ್ತಿರುವುದು ವಾಕ್ಯದ ಮೊದಲಲ್ಲಿ, ಹೊಸದು ಆಮೇಲೆ. ಹಿಂದಿನ ವಾಕ್ಯ ಮುಗಿದ ವಿಷಯದಿಂದ ಮುಂದಿನದು ಶುರುವಾದರೆ ಓದು ಜಾರಿಕೊಂಡು ಹೋಗುತ್ತದೆ.

ಧ್ವನಿ ಸರಿಯಿಲ್ಲ ಅಂದರೆ

"ಸಾಬೀತಾಗಿದೆ", "ನಿಸ್ಸಂದೇಹವಾಗಿ" ಅಂತ ಬರೆದಿದ್ದರೆ ಆಧಾರ ನೋಡಿಕೊಳ್ಳಿ. 40 ಜನರ ಒಂದು ಸಮೀಕ್ಷೆ ಯಾವುದನ್ನೂ ಸಾಬೀತು ಮಾಡುವುದಿಲ್ಲ, ಸೂಚಿಸುತ್ತದೆ ಅಷ್ಟೇ. "ಬಹುಶಃ ಇರಬಹುದೇನೋ ಅನ್ನಿಸುತ್ತದೆ" ಅಂತ ಒಂದೇ ವಾಕ್ಯದಲ್ಲಿ ಮೂರು ಸಲ ಹಿಂಜರಿದಿದ್ದರೆ ಒಂದನ್ನು ಉಳಿಸಿ. ದೊಡ್ಡ ದೊಡ್ಡ ಪದ ಹಾಕಿದರೆ ಮೇಷ್ಟ್ರು ಮೆಚ್ಚುತ್ತಾರೆ ಅನ್ನುವ ನಂಬಿಕೆಯನ್ನು ಬಿಟ್ಟುಬಿಡಿ. ಅಷ್ಟೇ, ಈ ದೋಷ ಬೇಗ ಹೋಗುತ್ತದೆ.

ಪ್ರಬಂಧಕ್ಕೆ ಒಬ್ಬರಲ್ಲ, ಮೂವರು ಓದುಗರಿದ್ದರೆ

ಪಿಎಚ್‌ಡಿ, ಎಂ.ಎ. ಥೀಸಿಸ್ ಬರೆಯುವವರು ಇದನ್ನು ನಿಧಾನವಾಗಿ ಓದಿ. ನಿಮ್ಮ ಗೈಡ್ ಜೊತೆ ನೀವು ವರ್ಷಗಟ್ಟಲೆ ಮಾತಾಡಿದ್ದೀರಿ. ನಿಮ್ಮಿಬ್ಬರ ನಡುವೆ ಒಂದು ಸಣ್ಣ ಭಾಷೆಯೇ ಬೆಳೆದಿದೆ. "ಎರಡನೇ ಸ್ಯಾಂಪಲ್", "ಹಳೆಯ ಮಾಡೆಲ್", "ಆ ಮಾರ್ಚ್ ತಿಂಗಳ ಡೇಟಾ" ಅಂದರೆ ಇಬ್ಬರಿಗೂ ಗೊತ್ತು. ಬೇರೆ ವಿಧಾನ ಬಿಟ್ಟು ಇದನ್ನೇ ಆರಿಸಿದ್ದು ಯಾಕೆ ಅನ್ನುವುದನ್ನು ಒಂದು ಮಧ್ಯಾಹ್ನ ಕೂತು ಮಾತಾಡಿ ತೀರ್ಮಾನಿಸಿದ್ದೀರಿ. ಗೈಡ್ ನಿಮ್ಮ ಡ್ರಾಫ್ಟ್ ಓದುವಾಗ ಆ ಮಾತುಕತೆ ಅವರ ತಲೆಯಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ. ಅವರು ಚೆನ್ನಾಗಿದೆ ಅನ್ನುತ್ತಾರೆ, ಪ್ರಾಮಾಣಿಕವಾಗಿಯೇ.

ಹೊರಗಿನ ಪರೀಕ್ಷಕರು ಆ ಮಧ್ಯಾಹ್ನ ಅಲ್ಲಿ ಇರಲಿಲ್ಲ. ವಿಷಯದಲ್ಲಿ ಅವರು ನಿಮಗಿಂತ ಪಳಗಿದವರು, ಆದರೆ ನಿಮ್ಮ ತೀರ್ಮಾನಗಳ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಬರುವ "ಇದನ್ನೇ ಯಾಕೆ ಆರಿಸಿಕೊಂಡಿರಿ?" ಅನ್ನುವ ಪ್ರಶ್ನೆಗಳಲ್ಲಿ ಎಷ್ಟೋ ಈ ಸಂದಿನಿಂದ ಹುಟ್ಟಿದವು. ಮೂರನೇ ಓದುಗ, ನಾಲ್ಕು ವರ್ಷದ ನಂತರ ಗ್ರಂಥಾಲಯದಿಂದ ನಿಮ್ಮ ಥೀಸಿಸ್ ತೆಗೆದು ನಿಮ್ಮ ವಿಧಾನವನ್ನು ತಾನೂ ಮಾಡಿ ನೋಡಲು ಹೊರಟ ವಿದ್ಯಾರ್ಥಿ. ಅವನಿಗೆ ಫೋನ್ ಮಾಡಿ ಕೇಳಲು ನೀವು ಸಿಗುವುದಿಲ್ಲ.

ತಿದ್ದುವ ಉಪಾಯ: ಗೈಡ್ ಜೊತೆ ಮಾತಾಡಿದಾಗ ಬರೆದುಕೊಂಡ ನೋಟ್ಸ್ ತೆಗೆಯಿರಿ. ಅಲ್ಲಿ "ಬೇಡ" ಅಂತ ಬಿಟ್ಟ ಪ್ರತಿ ದಾರಿಗೂ ಥೀಸಿಸ್‌ನಲ್ಲಿ ಒಂದು ವಾಕ್ಯದ ಕಾರಣ ಇದೆಯೇ ನೋಡಿ. ಇಲ್ಲದಿದ್ದರೆ ಸೇರಿಸಿ. ನಿಮ್ಮಿಬ್ಬರ ಅಡ್ಡಹೆಸರುಗಳನ್ನು ಹುಡುಕಿ ಪೂರ್ತಿ ಹೆಸರು ಕೊಡಿ.

ಗುಂಪು ಪ್ರಾಜೆಕ್ಟ್ ಮಾಡಿ ಯಾವುದಾದರೂ ಸಂಸ್ಥೆಗೆ ವರದಿ ಕೊಡುವವರಿಗೂ ಇಬ್ಬರು ಓದುಗರು. ಸಂಸ್ಥೆಯವರಿಗೆ ಮೊದಲ ಪುಟದಲ್ಲೇ "ಏನು ಮಾಡಬೇಕು" ಅನ್ನುವುದು ಬೇಕು. ಮೇಷ್ಟ್ರಿಗೆ "ಹೇಗೆ ಗೊತ್ತಾಯಿತು" ಅನ್ನುವುದು ಬೇಕು. ಎರಡನ್ನೂ ಕಲಸಬೇಡಿ. ಮೊದಲನೆಯದಕ್ಕೆ ಒಂದು ಪುಟದ ಸಾರಾಂಶ, ಎರಡನೆಯದಕ್ಕೆ ಒಳಗಿನ ಅಧ್ಯಾಯ ಅಥವಾ ಅನುಬಂಧ.

ಓದುಗನ ಯೋಚನೆಯಿಂದಲೇ ಕೈ ನಿಂತುಹೋದರೆ

ಇಷ್ಟೆಲ್ಲ ಓದಿದ ಮೇಲೆ ಕೆಲವರಿಗೆ ಒಂದು ಸಾಲೂ ಬರೆಯಲಾಗದೆ ಹೋಗಬಹುದು. ಭುಜದ ಮೇಲಿಂದ ಯಾರೋ ಇಣುಕುತ್ತಿರುವ ಭಾವ. ಆಗ ಓದುಗನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳಿ. ಮೊದಲ ಡ್ರಾಫ್ಟ್‌ನಲ್ಲಿ ಓದುಗನನ್ನು ಮರೆಯುವುದೇ ಒಳ್ಳೆಯದಾಗಬಹುದು ಅಂತ ಬರವಣಿಗೆ ಕಲಿಸುತ್ತಿದ್ದ ಪೀಟರ್ ಎಲ್ಬೋ 1987ರಲ್ಲೇ ವಾದಿಸಿದ್ದಾರೆ. ನನಗೂ ಅದು ನಿಜ ಅನ್ನಿಸುತ್ತದೆ. ಮೊದಲ ಸಲ ನಿಮಗಾಗಿ ಬರೆಯಿರಿ. ಎರಡನೇ ಸಲ ಕೂತಾಗ ಬಾಗಿಲು ತೆರೆದು ಓದುಗನನ್ನು ಒಳಗೆ ಕರೆಯಿರಿ.

ಓದುಗ ಯಾರೆಂದು ಗೊತ್ತೇ ಆಗದಿದ್ದರೆ

ಪ್ರಶ್ನೆಯನ್ನೇ ಮತ್ತೊಮ್ಮೆ ಓದಿ. "ವಿವರಿಸಿ" ಅಂದರೆ ಆ ಅಧ್ಯಾಯ ತಪ್ಪಿಸಿಕೊಂಡ ಸಹಪಾಠಿ. "ವಿಮರ್ಶಿಸಿ" ಅಂದರೆ ಅದನ್ನು ಓದಿ ಬೇರೆ ಅಭಿಪ್ರಾಯ ಇಟ್ಟುಕೊಂಡಿರುವವನು. "ಶಿಫಾರಸು ಮಾಡಿ" ಅಂದರೆ ತೀರ್ಮಾನ ತೆಗೆದುಕೊಳ್ಳಬೇಕಾದ, ಸಮಯವಿಲ್ಲದ ಒಬ್ಬರು. ಮಾರ್ಕ್ಸ್ ಹಂಚಿಕೆಯ ಹಾಳೆ ಕೊಟ್ಟಿದ್ದರೆ ಅದನ್ನೂ ನೋಡಿ. ವಿಧಾನಕ್ಕೆ 30, ಚರ್ಚೆಗೆ 40 ಅಂತ ಇದ್ದರೆ ಓದುವವರ ಗಮನ ಎಲ್ಲಿದೆ ಅಂತ ಅದೇ ಹೇಳುತ್ತದೆ.

ಆಮೇಲೂ ಅನುಮಾನ ಇದ್ದರೆ ಮೇಷ್ಟ್ರನ್ನು ಕೇಳಿ. "ಹೇಗೆ ಬರೆಯಲಿ?" ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ. "ಸರ್, ಇದನ್ನ ಓದೋರಿಗೆ ಏನೇನು ಗೊತ್ತಿದೆ ಅಂತ ಇಟ್ಕೊಳ್ಳಲಿ?" ಅಂತ ಕೇಳಿ. ಒಂದು ನಿಮಿಷದ ಉತ್ತರ ಸಿಗುತ್ತದೆ, ಎರಡು ದಿನದ ಕೆಲಸ ಉಳಿಯುತ್ತದೆ.

ದುರಸ್ತಿ ಆಯಿತೇ ಅಂತ ಪರೀಕ್ಷಿಸುವುದು

ಸಹಪಾಠಿಯೊಬ್ಬರಿಗೆ ಪ್ರಿಂಟ್ ತೆಗೆದು ಒಂದು ಪೆನ್ಸಿಲ್ ಜೊತೆ ಕೊಡಿ. "ಚೆನ್ನಾಗಿದೆಯಾ?" ಅಂತ ಕೇಳಬೇಡಿ. ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ಅವರು ನಿಮ್ಮ ಸ್ನೇಹಿತರು. ಓದುವಾಗ ನಿಂತ ಜಾಗದಲ್ಲಿ, ಮತ್ತೆ ಹಿಂದಕ್ಕೆ ಹೋಗಿ ಓದಿದ ಜಾಗದಲ್ಲಿ ಒಂದು ಚುಕ್ಕೆ ಇಡಲು ಹೇಳಿ. ಕಾರಣ ಬರೆಯಬೇಕಿಲ್ಲ. ಓದುವಾಗ ನೀವು ಪಕ್ಕದಲ್ಲಿ ಕೂರಬೇಡಿ, ಕೂತರೆ ಬಾಯಿ ಹಾಕುತ್ತೀರಿ.

ಓದಿ ಮುಗಿದ ಮೇಲೆ ಹಾಳೆ ವಾಪಸ್ ತೆಗೆದುಕೊಂಡು, "ಇದರಲ್ಲಿ ನಾನು ಹೇಳ್ತಿರೋದು ಏನು, ಒಂದೇ ವಾಕ್ಯದಲ್ಲಿ ಹೇಳು" ಅನ್ನಿ. ಅವರು ಹೇಳಿದ ವಾಕ್ಯ ನಿಮ್ಮ ಮನಸ್ಸಿನಲ್ಲಿದ್ದ ವಾಕ್ಯವೇ ಆಗಿದ್ದರೆ ಮೂಲ ಸರಿಹೋಗಿದೆ. ಬೇರೆ ಏನೋ ಹೇಳಿದರೆ ವಾದಕ್ಕೆ ಇಳಿಯಬೇಡಿ. ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ, ನಿಮ್ಮ ಮೊದಲ ಪುಟದ ಯಾವ ವಾಕ್ಯ ಅವರನ್ನು ಅತ್ತ ಕರೆದುಕೊಂಡು ಹೋಯಿತು ಅಂತ ಹುಡುಕಿ. ಸಾಮಾನ್ಯವಾಗಿ ಒಂದೇ ವಾಕ್ಯ ಇರುತ್ತದೆ.

ಆಮೇಲೆ ಚುಕ್ಕೆಗಳನ್ನು ನೋಡಿ. ಅವು ಎಲ್ಲ ಪುಟಗಳಲ್ಲೂ ಚದುರಿದ್ದರೆ ಓದುಗ ಇನ್ನೂ ಕೈಗೆ ಸಿಕ್ಕಿಲ್ಲ, ಮೊದಲ ಪರೀಕ್ಷೆಗೆ ಹಿಂತಿರುಗಿ. ಒಂದೇ ಪುಟದಲ್ಲಿ ಗುಂಪಾಗಿದ್ದರೆ ಆ ಪುಟ ಮಾತ್ರ ತಿದ್ದಿ. ಉಳಿದದ್ದನ್ನು ಮುಟ್ಟಬೇಡಿ.